ನರ ಕೈಕೊಟ್ಟ ಮೇಲೆ ಮತ್ತೆ ಭಾರ

ನರಕ್ಕೆ ಪೆಟ್ಟು ಬಿದ್ದ ಮೇಲೆ ಮತ್ತೆ ಭಾರ ಎತ್ತಬಹುದೇ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಈ ಪ್ರಶ್ನೆಗೆ ಎರಡು ಉತ್ತರ ಸಿಗುತ್ತವೆ, ಎರಡೂ ಖಡಾಖಂಡಿತ. ಮನೆಯ ಹಿರಿಯರು, ಅವರ ಜೊತೆಗೆ ಎಷ್ಟೋ ವೈದ್ಯರು ಹೇಳುವುದು: “ಇನ್ಮೇಲೆ ಭಾರದ ಸಹವಾಸ ಬೇಡ ಕಣಪ್ಪ, ನರದ ವಿಷಯ.” ಜಿಮ್ಮಿನಲ್ಲಿ ಕಲಿಸುವ ಹುಡುಗ ಹೇಳುವುದು: “ಬಿಟ್ರೆ ಕೈ ಒಣಗೋಗುತ್ತೆ ಅಣ್ಣ. ಚಿಕ್ಕ ವೆಯ್ಟಿಂದ ಶುರು ಮಾಡಿ, ತಾನಾಗೇ ಬರುತ್ತೆ.” ಇಬ್ಬರದ್ದೂ ಒಳ್ಳೆಯ ಮನಸ್ಸೇ. ಪೆಟ್ಟಾದ ಮೊದಲ ತಿಂಗಳುಗಳ ಮಟ್ಟಿಗೆ ಹಿರಿಯರ ಮಾತು ಸರಿ, ಆಮೇಲಿನ ವರ್ಷಗಳ ಮಟ್ಟಿಗೆ ಹುಡುಗನ ಮಾತು ಸರಿ ಎಂದು ನಾನು ತಿಳಿದಿದ್ದೇನೆ. ಒಂದು ಹಂತ ಮುಗಿದು ಇನ್ನೊಂದು ಯಾವಾಗ ಶುರುವಾಯಿತು ಎಂದು ನೋಡಿ ಹೇಳುವವರು ಈ ಸೀಮೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಎಲ್ಲ ಕಷ್ಟವೂ ಅಲ್ಲಿಯೇ.

ಇಲ್ಲಿ ನರಕ್ಕೆ ಪೆಟ್ಟು ಬೀಳುವ ದಾರಿಗಳು ಹಲವು. ಶಿರಾದ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ರಸ್ತೆಗಳಲ್ಲಿ ಬೈಕಿನಿಂದ ಹಾರಿಬಿದ್ದವನ ಕತ್ತು ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಎಳೆದುಹೋದರೆ ಇಡೀ ತೋಳಿಗೆ ಹೋಗುವ ನರಗಳ ಗೊಂಚಲೇ ಹರಿಯಬಹುದು. ಜ್ವರಕ್ಕೆಂದು ಕುಂಡಿಗೆ ತಪ್ಪು ಜಾಗದಲ್ಲಿ ಚುಚ್ಚಿದ ಸೂಜಿಯಿಂದ ಸಯಾಟಿಕ್ ನರಕ್ಕೆ ಪೆಟ್ಟಾಗಿ ಪಾದ ಜೋತುಬಿದ್ದ ಮಕ್ಕಳು ನಮ್ಮ ದೇಶದಲ್ಲಿ ಬೇಕಾದಷ್ಟಿದ್ದಾರೆ. ಮುರಿದ ಮೂಳೆಗೆ ಬಿಗಿಯಾಗಿ ಕಟ್ಟಿದ ನಾಟಿ ಕಟ್ಟಿನಿಂದ ಕೈಯ ನರ ಸೊರಗುವುದೂ ಉಂಟು. ಕಡಲೆಕಾಯಿ ಮೂಟೆ, ಹುಣಸೆಹಣ್ಣಿನ ಚೀಲ ಹೊತ್ತು ಸೊಂಟದ ಡಿಸ್ಕ್ ಜಾರಿದವರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಂತೂ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಇವರೆಲ್ಲರಿಗೂ ಒಂದೇ ಸಲಹೆ ಕೊಡುವುದು ಮೊದಲ ತಪ್ಪು, ಎರಡೂ ಪಕ್ಷದವರು ಅದನ್ನೇ ಮಾಡುತ್ತಾರೆ.

ನರದ ಪೆಟ್ಟಿಗೆ ದರ್ಜೆಗಳಿವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ ಎರಡನೇ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತ ಮಾಡಿದ ಮೂರು ಭಾಗದ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ನರ ಒತ್ತಿಹೋಗಿ ಸುದ್ದಿ ಸಾಗಿಸುವುದನ್ನು ನಿಲ್ಲಿಸಿದೆ, ಒಳಗಿನ ಎಳೆ ತುಂಡಾಗಿಲ್ಲ ಎಂದಾದರೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳ ಆಸುಪಾಸಿನಲ್ಲಿ ಅದು ತಾನಾಗಿ ಸರಿಹೋಗುತ್ತದೆ. ಎಳೆ ತುಂಡಾಗಿ ಹೊರಗವಸು ಉಳಿದಿದ್ದರೆ ಆ ಗವಸಿನೊಳಗೆ ಎಳೆ ಮತ್ತೆ ಬೆಳೆಯುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರ್. ನರವೇ ಪೂರ್ತಿ ಕತ್ತರಿಸಿಹೋಗಿದ್ದರೆ ಶಸ್ತ್ರಚಿಕಿತ್ಸೆ ಬೇಕು.

ಆ 1 ಮಿಲಿಮೀಟರಿನ ಲೆಕ್ಕವನ್ನು ಕಾಲಿಗೆ ಹಚ್ಚಿ ನೋಡಬೇಕು. ಮೊಣಕಾಲಿನ ಹೊರಬದಿಯಲ್ಲಿ ಪೆಟ್ಟಾದ ನರ ಪಾದವನ್ನೆತ್ತುವ ಸ್ನಾಯುವಿಗೆ ಹತ್ತು ಸೆಂಟಿಮೀಟರಿನ ದಾರಿ ಎಂದುಕೊಂಡರೂ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಪೆಟ್ಟು ಕುಂಡಿಯಲ್ಲಾದರೆ ಅದೇ ಸ್ನಾಯುವಿಗೆ ಅರ್ಧ ಮೀಟರಿಗೂ ಮಿಕ್ಕಿದ ದಾರಿ, ಒಂದೂವರೆ ವರ್ಷ ಬೇಕು. ಆದರೆ ನರದ ಸಂಪರ್ಕ ತಪ್ಪಿದ ಸ್ನಾಯು ಹೆಚ್ಚು ಕಾಲ ಕಾಯುವುದಿಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳು ಕಳೆದರೆ ನರ ಬಂದು ಬಾಗಿಲಿಗೆ ಮುಟ್ಟಿದರೂ ಒಳಗೆ ಸೇರಿಸಿಕೊಳ್ಳುವ ಶಕ್ತಿ ಅದರಲ್ಲಿ ಬಹುತೇಕ ಉಳಿದಿರುವುದಿಲ್ಲ. ಭಾರದ ವ್ಯಾಯಾಮದ ಮಾತೆಲ್ಲ ಈ ಓಟದ ನಡುವೆ ಬರುತ್ತದೆ. ಡಂಬೆಲ್ ಎತ್ತಿದರೆ ನರ ಬೇಗ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಿಯೇ ತಡೆಯಬೇಕು. ವ್ಯಾಯಾಮ ಉಳಿದ ಸ್ನಾಯುವಿಗೆ ಬಲ ಕೊಡುತ್ತದೆ. ಹರಿದ ಎಳೆಯನ್ನು ಅದು ಕೂಡಿಸಲಾರದು.

ಈಗ ಬೇಡ ಎನ್ನುವವರ ಪಕ್ಷ. ಅದನ್ನು ಹಳ್ಳಿಯವರ ಹೆದರಿಕೆ ಎಂದು ತಳ್ಳಿಹಾಕಲು ಬರುವುದಿಲ್ಲ, ಅದರ ಬೆನ್ನಿಗೆ ಗಟ್ಟಿ ವಿಜ್ಞಾನವಿದೆ. ಅಮೆರಿಕದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಪೋಲಿಯೋ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಬೆನೆಟ್, ಅವರ ಜೊತೆಗಾರ ನೋಲ್ಟನ್ 1958ರಲ್ಲಿ ಒಂದು ಎಚ್ಚರಿಕೆ ಬರೆದರು: ಅರ್ಧ ನರ ಕಳೆದುಕೊಂಡ ಸ್ನಾಯುವನ್ನು ಮಿತಿಮೀರಿ ದುಡಿಸಿದರೆ ಬಲ ಹೆಚ್ಚುವುದಿರಲಿ, ಇದ್ದದ್ದೂ ಹೋಗಬಹುದು. 1973ರಲ್ಲಿ ಹರ್ಬಿಸನ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ನರ ಆಗತಾನೆ ಸ್ನಾಯುವಿಗೆ ಮರಳಿ ಹೆಣೆದುಕೊಳ್ಳುತ್ತಿರುವಾಗ ಹೇರಿದ ಹೊರೆ ಕೆಡುಕು ಮಾಡಿತು, ಹೆಣಿಗೆ ಗಟ್ಟಿಯಾದ ಮೇಲೆ ಹೇರಿದ್ದು ಮಾಡಲಿಲ್ಲ. 2001ರಲ್ಲಿ ಕೆನಡಾದ ಟೆಸ್ಸಾ ಗಾರ್ಡನ್ ಅವರ ಪ್ರಯೋಗಾಲಯದಿಂದ ಬಂದ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಕೆಲವು ನರತಂತುಗಳು ಸತ್ತಾಗ ಉಳಿದವು ಕವಲೊಡೆದು ಅನಾಥವಾದ ಸ್ನಾಯು ಎಳೆಗಳನ್ನು ದತ್ತು ತೆಗೆದುಕೊಳ್ಳುತ್ತವೆ. ಐದರಲ್ಲಿ ಒಂದಕ್ಕಿಂತ ಕಡಿಮೆ ಉಳಿದಿದ್ದ ಸ್ನಾಯುವನ್ನು ವಿಪರೀತ ದುಡಿಸಿದಾಗ ಆ ಕವಲೊಡೆಯುವಿಕೆಯೇ ಕುಂಠಿತವಾಯಿತು. ನೂರು ಜನ ಎಳೆಯುವ ತೇರಿಗೆ ಇಪ್ಪತ್ತೇ ಜನ ಮಿಣಿ ಹಿಡಿದಂಥ ಸ್ಥಿತಿ ಅದು: ಕೈ ಕೂಡಿಸುವವರು ಬರುವ ಮೊದಲೇ ಇದ್ದವರನ್ನು ಜೋರಾಗಿ ಎಳೆಸಿದರೆ ಅವರೂ ಕುಸಿಯುತ್ತಾರೆ.

ಬೇಡ ಎನ್ನುವವರ ಎರಡನೆಯ ಆಧಾರ, ನನ್ನ ದೃಷ್ಟಿಯಲ್ಲಿ ಮೊದಲಿನದಕ್ಕಿಂತ ದೊಡ್ಡದು, ಕಳೆದುಹೋಗುವ ಸಮಯದ್ದು. ತೋಳಿನ ನರಗೊಂಚಲು ಹರಿದವನಿಗೆ ನರ ಜೋಡಿಸುವ ಇಲ್ಲವೇ ಬೇರೆ ನರವನ್ನು ತಿರುಗಿಸಿ ಕೂಡಿಸುವ ಶಸ್ತ್ರಚಿಕಿತ್ಸೆಗಳಿವೆ. ಮೂರು ತಿಂಗಳಿಂದ ಆರು ತಿಂಗಳೊಳಗೆ ಆದರೆ ಅವುಗಳ ಫಲ ಚೆನ್ನಾಗಿರುತ್ತದೆ. ವರ್ಷ ದಾಟಿದ ಮೇಲೆ ಮಾಡಿ ಪ್ರಯೋಜನ ಕಡಿಮೆ. ಆ ಆರು ತಿಂಗಳನ್ನು ಒಬ್ಬ ಹುಡುಗ ಎಣ್ಣೆ ನೀವಿಸಿಕೊಂಡು, ಜಿಮ್ಮಿನಲ್ಲಿ ರಬ್ಬರ್ ಪಟ್ಟಿ ಎಳೆದುಕೊಂಡು, “ಸ್ವಲ್ಪ ಬರ್ತಾ ಇದೆ” ಎಂದುಕೊಂಡು ಕಳೆದರೆ ಅವನಿಗಾದ ನಷ್ಟಕ್ಕೆ ಡಂಬೆಲ್ಲಿನ ತೂಕ ಕಾರಣವಾಗಿರುವುದಿಲ್ಲ. ಎತ್ತಿದ್ದು ಅರ್ಧ ಕಿಲೋನೇ ಇರಬಹುದು. ತಾನಾಗೇ ಬರುತ್ತದೆ ಎಂಬ ಭರವಸೆ ಅವನನ್ನು ಆಸ್ಪತ್ರೆಯಿಂದ ದೂರ ಇಟ್ಟಿತು.

ಮೂರನೆಯದು ಸ್ಪರ್ಶದ ವಿಷಯ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಬೆರಳು ಮೊಂಡಾಗುವುದನ್ನು ವರ್ಷಗಟ್ಟಲೆ ಗಮನಿಸಿ ತೋರಿಸಿಕೊಟ್ಟದ್ದು ಇದು: ರೋಗ ಬೆರಳನ್ನು ತಿನ್ನುವುದಿಲ್ಲ, ನೋವು ಗೊತ್ತಾಗದ ಕೈ ಅಗತ್ಯಕ್ಕಿಂತ ಹೆಚ್ಚು ಬಲ ಹಾಕಿ, ಸುಟ್ಟುಕೊಂಡು, ಕೊಯ್ದುಕೊಂಡು ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠರೋಗಿಗಳ ಆರೈಕೆಯನ್ನು ದಶಕಗಳಿಂದ ಮಾಡಿಕೊಂಡು ಬಂದಿದೆ. ಹಾಗಾಗಿ ಮರಗಟ್ಟಿದ ಕೈಕಾಲನ್ನು ಪ್ರತಿದಿನ ನೋಡಿಕೊಳ್ಳಬೇಕೆಂಬ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ. ಜೋಮು ಹಿಡಿದ ಅಂಗೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದವನಿಗೆ ಬೊಬ್ಬೆ ಎದ್ದದ್ದು ತಿಳಿಯುವುದಿಲ್ಲ. ಬೆಂಚ್ ಪ್ರೆಸ್ ಮಾಡುವಾಗ ಹಿಡಿತ ಸಡಿಲವಾದದ್ದೂ ತಿಳಿಯುವುದಿಲ್ಲ, ಸಲಾಕೆ ಎದೆಗೆ ಬಿದ್ದಾಗಲೇ ಗೊತ್ತು. ನೋವಾದರೆ ನಿಲ್ಲಿಸು ಎಂಬ ಜಿಮ್ಮಿನ ಸಾಮಾನ್ಯ ಸಲಹೆ ಇವರಿಗೆ ಯಾವ ಕಾವಲೂ ಅಲ್ಲ.

ಎತ್ತಬೇಕು ಎನ್ನುವವರ ಪಕ್ಷವೂ ಆಸ್ಪತ್ರೆಯಲ್ಲೇ ಹುಟ್ಟಿದ್ದು. ತಾವೂ ಎಳೆವಯಸ್ಸಿನಲ್ಲಿ ಕಾಯಿಲೆ ಬಿದ್ದು ಭಾರ ಎತ್ತಿ ಚೇತರಿಸಿಕೊಂಡಿದ್ದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಗಾಯಾಳು ಸೈನಿಕರಿಗೆ ತೂಕವನ್ನು ಹಂತಹಂತವಾಗಿ ಏರಿಸುವ ವ್ಯಾಯಾಮ ಕೊಟ್ಟು 1945ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವತ್ತು ಯಾವ ಜಿಮ್ಮಿಗೆ ಹೋದರೂ ಹುಡುಗರು ಹೊಡೆಯುವ “ಹತ್ತರ ಮೂರು ಸೆಟ್ಟು” ಅವರ ಪದ್ಧತಿಯ ಸಂತಾನವೇ. 1948ರಲ್ಲಿ ಅದೇ ಡಿಲಾರ್ಮ್ ಪೋಲಿಯೋದಿಂದ ದುರ್ಬಲವಾದ ತೊಡೆಯ ಸ್ನಾಯುಗಳಿಗೂ ಇದನ್ನು ಮಾಡಿಸಿ ಬಲ ಹೆಚ್ಚಿದ್ದನ್ನು ತೋರಿಸಿದ್ದರು. ಅಂದರೆ ಬೆನೆಟ್ ಎಚ್ಚರಿಕೆ ಬರೆಯುವುದಕ್ಕೂ ಹತ್ತು ವರ್ಷ ಮೊದಲೇ ಎದುರು ಪಕ್ಷದ ಪುರಾವೆ ಮುದ್ರಣವಾಗಿತ್ತು. 1995ರಲ್ಲಿ ನೆದರ್ಲೆಂಡ್ಸ್‌ನಲ್ಲಿ ವಂಶಪಾರಂಪರ್ಯ ನರದೌರ್ಬಲ್ಯ ಇದ್ದವರಿಗೆ 24 ವಾರ ಭಾರದ ವ್ಯಾಯಾಮ ಮಾಡಿಸಿದಾಗ ಸಾಧಾರಣ ಲಾಭವಾಯಿತು, ಹಾನಿ ಕಾಣಲಿಲ್ಲ. 2003ರಲ್ಲಿ ಕೆನಡಾದಲ್ಲಿ ಹಳೆಯ ಪೋಲಿಯೋ ರೋಗಿಗಳ ಹೆಬ್ಬೆರಳಿನ ಸ್ನಾಯುಗಳಿಗೆ ಮೂರು ತಿಂಗಳು ಇದೇ ಪ್ರಯೋಗ ನಡೆಯಿತು. ಬಲ ಏರಿತು, ಬದುಕಿದ್ದ ನರತಂತುಗಳ ಎಣಿಕೆ ಇಳಿಯಲಿಲ್ಲ.

ಹಾಗಾದರೆ ಬೆನೆಟ್ ತಪ್ಪೇ? ಇಲ್ಲ. ಲಾಭ ಕಂಡವರೆಲ್ಲ ನರದ ಸ್ಥಿತಿ ಒಂದು ನೆಲೆಗೆ ನಿಂತವರು, ಅಳೆದ ತೂಕ ಎತ್ತಿದವರು, ಮೇಲೆ ನೋಡಿಕೊಳ್ಳುವವರು ಇದ್ದವರು. ಕೆಡುಕಾದದ್ದು ಎಳಸಾದ ಹೆಣಿಗೆಗೆ, ತೀರ ಕಡಿಮೆ ನರ ಉಳಿದವರಿಗೆ, ಮಿತಿಯಿಲ್ಲದೆ ದುಡಿಸಿದಾಗ. ಎರಡು ಪುರಾವೆಗಳೂ ಒಂದೇ ಕಾಯಿಲೆಯ ಬೇರೆ ಬೇರೆ ಕಾಲವನ್ನು ನೋಡಿವೆ.

ಎತ್ತಬೇಕು ಎನ್ನುವವರಿಗೆ ಇನ್ನೊಂದು ಆಧಾರವಿದೆ, ನನಗೆ ಬಹಳ ಇಷ್ಟವಾದದ್ದು. 1894ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್ ಒಂದು ಕೈಗೆ ಮಾತ್ರ ಅಭ್ಯಾಸ ಕೊಟ್ಟರೆ ಸುಮ್ಮನಿದ್ದ ಇನ್ನೊಂದು ಕೈಗೂ ಸ್ವಲ್ಪ ಬಲ ಬರುವುದನ್ನು ಕಂಡರು. ಆಮೇಲಿನ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ದೃಢಪಡಿಸಿವೆ. ಲಾಭ ಮಿದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ಆಗುತ್ತದೆ. ನರ ಪೂರ್ತಿ ಸತ್ತ ಸ್ನಾಯುವಿಗೆ ಇದರಿಂದ ಏನೂ ತಲುಪದು. ಆದರೆ ಬಲಗೈ ಪಟ್ಟಿಯಲ್ಲಿ ತೂಗುಬಿಟ್ಟವನಿಗೆ “ಎಡಗೈ, ಎರಡು ಕಾಲು, ಹೊಟ್ಟೆ, ಬೆನ್ನು ಇವಕ್ಕೆಲ್ಲ ಕೆಲಸ ಕೊಡಪ್ಪ” ಎಂದು ಮೊದಲ ತಿಂಗಳಿಂದಲೇ ಹೇಳಬಹುದು. ಮೈಯೆಲ್ಲ ಸೋತು ಮಂಚ ಹಿಡಿಯುವುದನ್ನು ಅದು ತಪ್ಪಿಸುತ್ತದೆ. ಮನಸ್ಸು ಕುಗ್ಗುವುದನ್ನೂ ತಪ್ಪಿಸುತ್ತದೆ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಕೈ ಜೋತುಬಿದ್ದಾಗ ಆಗುವ ಅವಮಾನವನ್ನು ಹತ್ತಿರದಿಂದ ನೋಡಿದವರಿಗೆ ಇದು ಸಣ್ಣ ಮಾತಲ್ಲ ಎಂದು ಗೊತ್ತು.

ಇಲ್ಲಿಯವರೆಗಿನದು ಎಲ್ಲ ಊರಿಗೂ ಸಲ್ಲುವ ವಾದ. ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದು ಸತ್ಯ ಸೇರಿಕೊಳ್ಳುತ್ತದೆ. “ಭಾರ ಎತ್ತಬೇಡ” ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಅದನ್ನು ಪಾಲಿಸುವ ಅನುಕೂಲ ಎಷ್ಟು ಮನೆಗಳಿಗಿದೆ? ಜಿಮ್ಮು ಬಿಡುತ್ತಾರೆ, ಮೂಟೆ ಬಿಡುವುದಿಲ್ಲ. ಪಾವಗಡದ, ಮಧುಗಿರಿ ಮತ್ತು ಶಿರಾದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಬೇಕು. 20 ಲೀಟರಿನ ಕ್ಯಾನ್ ಎಂದರೆ 20 ಕಿಲೋ, ಒಂದೇ ಕೈಯಲ್ಲಿ ಹಿಡಿಯುವಂಥದ್ದು, ಒಳಗೆ ನೀರು ಅಲುಗಾಡುವಂಥದ್ದು, ಬಗ್ಗಿ ತಿರುಗಿ ಬೈಕಿನ ಮೇಲೆ ಇಡಬೇಕಾದದ್ದು. ಸೊಂಟದ ನರ ಒತ್ತಿದವನಿಗೂ ತೋಳಿನ ನರ ಎಳೆದವನಿಗೂ ಇದಕ್ಕಿಂತ ಕೆಟ್ಟ ವ್ಯಾಯಾಮವನ್ನು ಹುಡುಕಿ ತರಬೇಕು. ಎರಡು ಕಿಲೋ ಡಂಬೆಲ್ ಮುಟ್ಟಬೇಡ ಎನಿಸಿಕೊಂಡವನು ದಿನಾ ಬೆಳಗ್ಗೆ ಇದನ್ನು ಎತ್ತುತ್ತಾನೆ, ಯಾರೂ ಅದನ್ನು ಭಾರ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಂಗಸರಿಗಂತೂ ಈ ವಿಷಯದಲ್ಲಿ ಪ್ರಶ್ನೆ ಕೇಳುವವರೇ ಇಲ್ಲ: ಮಣಿಕಟ್ಟಿನ ನರ ಒತ್ತಿ ರಾತ್ರಿಯೆಲ್ಲ ಕೈ ಜೋಮು ಹಿಡಿದರೂ ಬಿಂದಿಗೆ, ರುಬ್ಬುವುದು, ಕಡಲೆಕಾಯಿ ಬಿಡಿಸುವುದು ನಿಲ್ಲುವುದಿಲ್ಲ.

ಹೀಗಾಗಿ ನಮ್ಮ ಕಡೆ ಆಯ್ಕೆ ವಿಶ್ರಾಂತಿಗೂ ಭಾರಕ್ಕೂ ನಡುವೆ ಇಲ್ಲ. ಅಳತೆಯಿಲ್ಲದ ಭಾರ ಹೇಗೂ ಬಂದೇ ಬರುತ್ತದೆ. ಅದಕ್ಕೆ ಮೈಯನ್ನು ಅಳತೆಯ ಭಾರದಿಂದ ಸಿದ್ಧ ಮಾಡಬೇಕೋ ಬೇಡವೋ ಎಂಬುದೇ ಪ್ರಶ್ನೆ. ಸಮಯ ಬಂದ ಮೇಲೆ ಸಿದ್ಧ ಮಾಡಬೇಕು ಎನ್ನುವ ಕಡೆಗೆ ನಾನು ವಾಲುತ್ತೇನೆ. ಡಂಬೆಲ್ಲಿನ ದೊಡ್ಡ ಗುಣವೆಂದರೆ ಅದರ ತೂಕ ಅದರ ಮೇಲೆಯೇ ಬರೆದಿರುತ್ತದೆ, ಸಾಕೆನಿಸಿದಾಗ ಕೆಳಗಿಡಬಹುದು. ಮೂಟೆಯನ್ನು ದಾರಿಯ ನಡುವೆ ಇಳಿಸಲು ಬರುವುದಿಲ್ಲ.

ಫ್ಲೋರೈಡ್ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಕಡೆಯಿಂದ ಇಂಥ ನೀರಿನ ಕಾಯಿಲೆಯ ವರದಿ ಬಂದಾಗಿನಿಂದ ತಿಳಿದಿರುವಂತೆ, ಹತ್ತಾರು ವರ್ಷ ಆ ನೀರು ಕುಡಿದವರ ಬೆನ್ನೆಲುಬಿನಲ್ಲಿ ಅಸ್ಥಿರಜ್ಜುಗಳು ಸುಣ್ಣಗಟ್ಟಿ, ಮೂಳೆ ಬೆಳೆದು, ಹುರಿ ಮತ್ತು ನರದ ಬೇರು ಹಾಯುವ ಜಾಗ ಕಿರಿದಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಕತ್ತು ಬಗ್ಗಿಸಲಾಗದ, ಬೆನ್ನು ಬಿಗಿದುಕೊಂಡ, ಕಾಲು ಜೋಮು ಹಿಡಿಯುವ ಐವತ್ತು ದಾಟಿದ ಪಾವಗಡದ ರೈತನಿಗೆ ಬೆಂಗಳೂರಿನ ಯುವಕನಿಗೆ ಕೊಡುವ ಸಲಹೆ ಸಲ್ಲದು. ಅವನ ಹೆಗಲ ಮೇಲೆ ಬಾರ್ಬೆಲ್ ಇಡುವ ಮೊದಲು ಬೆನ್ನೆಲುಬಿನ ಎಕ್ಸ್‌ರೇ, ಅಗತ್ಯವಿದ್ದರೆ ಎಂಆರ್‌ಐ ಆಗಲೇಬೇಕು. ಈ ಒಂದು ಸಂದರ್ಭದಲ್ಲಿ ನಾನು ಬೇಡ ಎನ್ನುವವರ ಜೊತೆ ಪೂರ್ತಿ ನಿಲ್ಲುತ್ತೇನೆ.

ಉಳಿದವರಿಗೆ ಸಮಯ ಬಂತೆಂದು ತಿಳಿಯುವುದು ಹೇಗೆ? ಪೆಟ್ಟಾದ ಮೂರು ನಾಲ್ಕು ವಾರಕ್ಕೆ ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆ ಮಾಡಿಸಿದರೆ ಎಳೆ ತುಂಡಾಗಿದೆಯೋ ಬರೀ ಒತ್ತಿದೆಯೋ ತಿಳಿಯುತ್ತದೆ. ಅದಕ್ಕೂ ಮೊದಲು ಮಾಡಿಸಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಈ ಪರೀಕ್ಷೆಗೆಂದು ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಪಾವಗಡದಿಂದ ಹೋಗಿಬರಲು ಒಂದಿಡೀ ದಿನ, ಆ ದಿನದ ಕೂಲಿ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಆದರೂ ಬೇರೆಲ್ಲಿ ಉಳಿಸಿದರೂ ಈ ಖರ್ಚನ್ನು ಉಳಿಸಬಾರದು. ಇನ್ನೊಂದು ಅಳತೆಗೆ ಯಂತ್ರ ಬೇಡ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಯುದ್ಧಕಾಲದಲ್ಲಿ ರೂಪಿಸಿದ ಸೊನ್ನೆಯಿಂದ ಐದರವರೆಗಿನ ಮಾಪಕದಲ್ಲಿ ಮೂರು ಎಂದರೆ ಆ ಅಂಗವನ್ನು ಅದರದೇ ತೂಕದ ಎದುರು ಪೂರ್ತಿ ಎತ್ತಬಲ್ಲ ಸ್ಥಿತಿ. ಕುರ್ಚಿಯಲ್ಲಿ ಕೂತು ಹಿಮ್ಮಡಿ ನೆಲಕ್ಕಿಟ್ಟು ಪಾದದ ಮುಂಭಾಗ ಪೂರ್ತಿ ಎತ್ತಲು ಬರುತ್ತದೆಯೇ, ತೋಳನ್ನು ಪಕ್ಕದಿಂದ ಭುಜದ ಮಟ್ಟಕ್ಕೆ ಎತ್ತಲು ಬರುತ್ತದೆಯೇ? ಬರದಿದ್ದರೆ ಆ ಸ್ನಾಯುವಿಗೆ ಹೊರಗಿನ ತೂಕ ಬೇಡವೇ ಬೇಡ. ಮೇಜಿನ ಮೇಲೆ ಜಾರಿಸುವುದು, ಇನ್ನೊಂದು ಕೈಯ ಆಸರೆಯಲ್ಲಿ ಆಡಿಸುವುದು, ಕೀಲು ಬಿಗಿಯದಂತೆ ನೋಡಿಕೊಳ್ಳುವುದು, ಅಷ್ಟೇ.

ಬಂದರೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು, ಅದು ಅರ್ಧ ಕಿಲೋ ತೂಗುತ್ತದೆ. ಹದಿನೈದು ಸಲ ಆರಾಮವಾಗಿ ಎತ್ತಲು ಬರುವ ತೂಕದಲ್ಲಿ ಹತ್ತಕ್ಕೆ ನಿಲ್ಲಿಸಬೇಕು. ಇನ್ನು ಆಗದು ಎನ್ನುವವರೆಗೆ ಹೊಡೆಯುವ ಜಿಮ್ಮಿನ ಚಟ ಇಲ್ಲಿ ಅಪಾಯ. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. ಮಾರನೆಯ ದಿನವೇ ನಿಜವಾದ ಪರೀಕ್ಷೆ. ಚೊಂಬು ಎತ್ತುವುದು, ಅಂಗಿಯ ಗುಂಡಿ ಹಾಕುವುದು ನಿನ್ನೆಗಿಂತ ಕಷ್ಟವಾಗಿದ್ದು ಎರಡು ದಿನವಾದರೂ ಹಾಗೆಯೇ ಇದ್ದರೆ ತೂಕ ಹೆಚ್ಚಾಯಿತೆಂದು ಅರ್ಥ. ಎರಡು ವಾರ ಹಾಗಾಗದಿದ್ದರೆ ಸ್ವಲ್ಪ ಏರಿಸಬಹುದು. ತಾರೀಖು, ತೂಕ, ಎಣಿಕೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಫಿಸಿಯೋಥೆರಪಿಯವರಿಗೆ ಅದೇ ದೊಡ್ಡ ದಾಖಲೆ. ತೋಳಿನ ನರಗೊಂಚಲು ಎಳೆದವರು ಕಂಬಿಗೆ ಜೋತುಬೀಳುವುದು, ಕೈ ಕೆಳಗೆ ಬಿಟ್ಟು ಭಾರ ಹಿಡಿದು ನಡೆಯುವುದು ಬಹಳ ಕಾಲ ಬೇಡ. ಡಿಸ್ಕಿನವರು ಉಸಿರು ಬಿಗಿಹಿಡಿದು ಎತ್ತಬಾರದು. ಜೋಮಿನ ಕೈಯವರು ಸಲಾಕೆಗಿಂತ ಯಂತ್ರವನ್ನು ಆರಿಸಿಕೊಳ್ಳಬೇಕು, ಮುಗಿದ ಮೇಲೆ ಅಂಗೈ ನೋಡಿಕೊಳ್ಳಬೇಕು. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಎರಡೂ ಕಾಲು ಒಟ್ಟಿಗೆ ಸೋತರೆ ಅದೇ ರಾತ್ರಿ ದೊಡ್ಡಾಸ್ಪತ್ರೆಗೆ ಹೊರಡಬೇಕು, ಬೆಳಗಾಗಲಿ ಎಂದು ಕಾಯಬಾರದು. ವ್ಯಾಯಾಮದ ಮರುದಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೂ ಹಾಗೆಯೇ.

ಜಿಮ್ಮಿನ ಹುಡುಗನೂ ವೈದ್ಯರೂ ಪರಸ್ಪರ ಮಾತಾಡದಿರುವುದು ನನಗೆ ತುಂಬ ಬೇಸರದ ವಿಷಯ. “ಭಾರ ಬೇಡ” ಎಂಬ ಎರಡು ಪದದ ಬದಲು ಯಾವ ಸ್ನಾಯುವಿಗೆ, ಎಷ್ಟು ತಿಂಗಳು, ಮತ್ತೆ ಯಾವಾಗ ಬಂದು ತೋರಿಸಬೇಕು ಎಂದು ವೈದ್ಯರು ಚೀಟಿಯಲ್ಲಿ ಬರೆದರೆ, ಆ ಚೀಟಿಯನ್ನು ಜಿಮ್ಮಿನವರು ಕೇಳಿ ಓದಿದರೆ, ಈ ಜಗಳದ ಅರ್ಧ ಭಾಗ ಮುಗಿಯುತ್ತದೆ.

ನರ ಮರಳಿ ಬರಲೇ ಇಲ್ಲ ಎಂದು ಎರಡು ವರ್ಷಕ್ಕೆ ಖಚಿತವಾದವರ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳು ಇನ್ನೂ ಕೂಡಿಲ್ಲ. ಎತ್ತುವವರ ಕಡೆಯವರು ಬೆಂಗಳೂರಿನ ಫರ್ಮಾನ್ ಬಾಷಾ ಅವರನ್ನು ತೋರಿಸುತ್ತಾರೆ. ಎಳವೆಯಲ್ಲಿ ಪೋಲಿಯೋ ತಗುಲಿದ ಅವರು ಬೆಂಚ್ ಪ್ರೆಸ್ ಮಾಡುತ್ತ 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 4ನೇ ಸ್ಥಾನದವರೆಗೆ ಹೋದರು, ಅರ್ಜುನ ಪ್ರಶಸ್ತಿ ಪಡೆದರು. ಅವರು ಎತ್ತಿದ್ದು ರೋಗ ತಟ್ಟದ ತೋಳುಗಳಿಂದ, ಹಾಗಾಗಿ ನರ ಕಳೆದುಕೊಂಡ ಸ್ನಾಯುವಿನ ಬಗ್ಗೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ ಎಂದು ಇನ್ನೊಂದು ಪಕ್ಷ ಹೇಳುತ್ತದೆ, ಅದು ನಿಜ. ಜೊತೆಗೆ, ಸೋತ ಅಂಗದ ಪಾಲನ್ನು ಹೊರುವ ಒಳ್ಳೆಯ ಭುಜ ಮತ್ತು ಮೊಣಕಾಲು ಮುಂದೆ ಸವೆಯುತ್ತವೆ ಎಂಬ ಅವರ ಚಿಂತೆಯೂ ನಿಜ. ನನ್ನ ಮಟ್ಟಿಗೆ ಆ ಚಿಂತೆಯೇ ಒಳ್ಳೆಯ ಭುಜವನ್ನು ಈಗಿನಿಂದಲೇ, ಅಳತೆಯ ತೂಕದಲ್ಲಿ, ಗಟ್ಟಿ ಮಾಡಿಟ್ಟುಕೊಳ್ಳಲು ಕಾರಣ. ಪಾದ ಜೋತುಬಿದ್ದವರು ಪಟ್ಟಿ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಲಿ. ಕೈ ಸೋತವರು ಒಳ್ಳೆಯ ಕೈಗೂ ಬೆನ್ನಿಗೂ ಮಾಡಲಿ. ಮನೆಯವರು 20 ಲೀಟರಿನ ಕ್ಯಾನನ್ನು ಹತ್ತರ ಎರಡು ಕ್ಯಾನಾಗಿ ಮಾಡಿಕೊಡಲಿ.